ಚೆಂಬಿನೊಳಗೊಂದು ತುಂಡು ಬೆಲ್ಲ

"ಬಿಡಿ ಅದನ್ನು! ಅದು ನಮ್ಮ ಮನೆಯದ್ದು!"

"ನಿಮ್ಮ ಮನೆಯದ್ದಾದರೆ ಗುಜರಿ ಅಂಗಡಿಗೆ ಹೇಗೆ ಬಂತು? ನಡೆದುಕೊಂಡು ಬಂತಾ?"

ಉಡುಪಿ ಮಾರ್ಕೆಟ್ಟಿನ ಹಿಂದಿನ ಗುಜರಿ ಅಂಗಡಿಯಲ್ಲಿ ಒಂದು ಹಳೆಯ ತಾಮ್ರದ ಚೆಂಬಿಗಾಗಿ ಜಗಳ ಹತ್ತಿತ್ತು. ಚೆಂಬಿನ ಕುತ್ತಿಗೆ ಒಲಿಂಡಾಳ ಕೈಯಲ್ಲಿ. ಬುಡ ಒಬ್ಬ ಅಪರಿಚಿತನ ಕೈಯಲ್ಲಿ. ಅಂಗಡಿಯವನು ಬೀಡಿ ಹಚ್ಚಿಕೊಂಡು ಇಬ್ಬರನ್ನೂ ಆರಾಮವಾಗಿ ನೋಡುತ್ತಿದ್ದ.

ಇಸ್ತ್ರಿ ಮಾಡಿದ ಬಿಳಿ ಶರ್ಟು, ಮಿನುಗುವ ವಾಚು, ಸೆಂಟಿನ ಘಮ... ಗಲ್ಫಿನಿಂದ ರಜೆಗೆ ಬಂದವನೆಂದು ಯಾರೂ ಹೇಳಬೇಕಾಗಿರಲಿಲ್ಲ.

'ಇಷ್ಟು ಶೋಕಿಯವನಿಗೆ ಈ ಕಪ್ಪಾದ ಚೆಂಬು ಯಾಕಪ್ಪಾ?' ಎಂದುಕೊಂಡಳು ಒಲಿಂಡಾ.

"ಬುಡ ತಿರುಗಿಸಿ ನೋಡಿ," ಎಂದ ಅವನು. "'ವೆ' ಅಂತ ಕೆತ್ತಿದ್ದು ಉಂಟು. ವೆರೊನಿಕಾ. ನನ್ನ ಮಾಯ್, ಹೆತ್ತ ತಾಯಿ."

ಒಲಿಂಡಾ ತಿರುಗಿಸಿ ನೋಡಿದಳು. ನಿಜ, ಅಕ್ಷರ ಇತ್ತು.

"ಹೋದ ವರ್ಷ ತೀರಿಕೊಂಡರು. ನಾನು ಬಹರೈನಿನಲ್ಲಿದ್ದೆ. ಟೆಲಿಗ್ರಾಮ್ ಕೈಗೆ ಸಿಗುವಾಗ ಮಣ್ಣು ಮಾಡಿ ಆಗಿತ್ತು..." ಅವನು ಆ ಅಕ್ಷರದ ಮೇಲೆ ಬೆರಳಾಡಿಸಿದ. "ಮನೆಗೆ ಸುಣ್ಣ ಬಳಿಯುವಾಗ ಚಿಕ್ಕಮ್ಮ ಅಟ್ಟದಲ್ಲಿದ್ದದ್ದನ್ನೆಲ್ಲ ಗುಜರಿಗೆ ಹಾಕಿಬಿಟ್ಟಿದ್ದಾರೆ. ಅವರಿಗೆ ಗೊತ್ತಿರಲಿಲ್ಲ, ಪಾಪ. ಮನೆಗೆ ಯಾರು ಬಂದರೂ ಮಾಯ್ ಇದೇ ಚೆಂಬಿನಲ್ಲಿ ನೀರು ತಂದು, ಜೊತೆಗೆ ಒಂದು ತುಂಡು ಬೆಲ್ಲ ಕೊಡುತ್ತಿದ್ದರು."

ಒಲಿಂಡಾಳ ಕೈ ತಾನಾಗಿಯೇ ಸಡಿಲವಾಯಿತು. ಛೇ, ಎಂಥ ಮಾತು ಆಡಿಬಿಟ್ಟೆ!

ಚೆಂಬನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಬುಡದಲ್ಲಿ ಸಣ್ಣದೊಂದು ತೂತು.

"ಇದರಲ್ಲಿ ಇನ್ನು ನೀರು ನಿಲ್ಲುವುದಿಲ್ಲ."

"ಬೇಡ. ಮನೆಯಲ್ಲಿ ಇದ್ದರೆ ಸಾಕು."

"ಎಲ್ಲಿ? ಅಟ್ಟದಲ್ಲಾ? ಇನ್ನೊಮ್ಮೆ ಸುಣ್ಣ ಬಳಿಯುವ ತನಕವಾ?"

ಅವನು ಮೊದಲ ಬಾರಿ ನಕ್ಕ. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕ. ಒಲಿಂಡಾಳ ಎದೆಯೊಳಗೆ ಏನೋ ಒಂದು ಜಾಗ ಬಿಟ್ಟು ಸರಿದಂತಾಯಿತು.

"ಸ್ವಲ್ಪ ದಿನ ನನ್ನ ಹತ್ತಿರ ಇರಲಿ," ಎಂದಳು. "ಇದನ್ನು ಟೇಬಲ್ ಲ್ಯಾಂಪ್ ಮಾಡಿ ಕೊಡುತ್ತೇನೆ. ಆ ತೂತಿನಿಂದಲೇ ವೈರ್ ಹಾಕಬಹುದು. ನಿಮ್ಮ ಮಾಯಿಯ ಚೆಂಬು ಜಗಲಿಯಲ್ಲಿ ಎಲ್ಲರ ಕಣ್ಣೆದುರು ಇರುತ್ತದೆ."

ಅವನ ಹೆಸರು ವಿಲ್ಫ್ರೆಡ್. ಊರು ಕಾಪು.

ಒಲಿಂಡಾಳ ಮನೆ ಅಲ್ಲಿಗೆ ದೂರವಿಲ್ಲದ ಶಂಕರಪುರದಲ್ಲಿ. ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳು, ಅಂಗಳದಲ್ಲಿ ಗುಜರಿ! ಗಲ್ಫಿನಿಂದ ಮಿಕ್ಸಿ ಬಂದ ಮನೆಗಳಲ್ಲೆಲ್ಲ ಅರೆಯುವ ಕಲ್ಲು ಅಂಗಳಕ್ಕೆ ಬೀಳುತ್ತಿದ್ದ ಕಾಲ ಅದು. ಒಲಿಂಡಾ ಅವನ್ನು ಕೇಳಿ ತಂದು ನೀರು ತುಂಬಿಸಿ ತಾವರೆ ಬೆಳೆಸುತ್ತಿದ್ದಳು. ಒಡೆದ ದೋಣಿಯ ಹಲಗೆ ಅವಳ ಕೈಯಲ್ಲಿ ಪುಸ್ತಕದ ಕಪಾಟಾಗುತ್ತಿತ್ತು, ಬಿರುಕು ಬಿಟ್ಟ ಉಪ್ಪಿನಕಾಯಿ ಭರಣಿ ಹೂದಾನಿಯಾಗುತ್ತಿತ್ತು. ಮಣಿಪಾಲದ ಪ್ರೊಫೆಸರುಗಳ ಹೆಂಡತಿಯರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು.

ಆದರೆ ಹೆಣ್ಣು ನೋಡಲು ಬಂದವರು?

"ನಿನ್ನನ್ನು ನೋಡಲಿಕ್ಕೆ ಬಂದವರು ಅಂಗಳ ನೋಡಿಯೇ ವಾಪಸ್ ಹೋಗುತ್ತಾರೆ," ಎಂದು ತಾಯಿ ಐರಿನ್ ಗೊಣಗುತ್ತಿದ್ದರು. ಒಬ್ಬ ವರನಂತೂ, "ಮದುವೆ ಆದ ಮೇಲೆ ಈ ಕಸವನ್ನೆಲ್ಲ ಬಿಡಬೇಕು," ಎಂದು ಕಾಫಿ ಕುಡಿಯುವ ಮೊದಲೇ ಹೇಳಿದ್ದ. ಒಲಿಂಡಾ ಅವನ ಕಾಫಿಯನ್ನು ಒಳಗೆ ತೆಗೆದುಕೊಂಡು ಹೋಗಿದ್ದಳು!

ವಿಲ್ಫ್ರೆಡ್ ಹಾಗಲ್ಲ. ಚೆಂಬಿನ ಕೆಲಸ ಎಲ್ಲಿಗೆ ಮುಟ್ಟಿತು ಎಂದು ಕೇಳುವ ನೆಪದಲ್ಲಿ ಬಂದವನು ಕಲ್ಲಿನೊಳಗಿನ ತಾವರೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಮತ್ತೊಮ್ಮೆ ಬರುವಾಗ ಹಳೆಯ ಕಿಟಕಿಯ ಚೌಕಟ್ಟು ತಂದ.

"ಇದರಿಂದ ಎಂತ ಮಾಡಬಹುದು?"

"ಕನ್ನಡಿ ಕೂರಿಸಬಹುದು."

"ಹಾಗಾದರೆ ನಾಳೆ ಕನ್ನಡಿ ತರುತ್ತೇನೆ!"

'ಇವರು ಬರುವುದು ಚೆಂಬಿಗಾಗಿಯಾ, ನನಗಾಗಿಯಾ?' ಒಲಿಂಡಾಳಿಗೆ ಮಲ್ಲಿಗೆ ಕಟ್ಟುವಾಗ ಬಾಳೆನಾರು ತಪ್ಪತೊಡಗಿತು. ಐರಿನ್ ಎಲ್ಲ ನೋಡಿಯೂ ನೋಡದಂತೆ ಇದ್ದರು.

ರಜೆ ಮುಗಿಯುತ್ತಾ ಬಂದಾಗ ಒಂದು ಸಂಜೆ, ಅಂಗಳದ ಗೇಟಿನ ಹತ್ತಿರ ವಿಲ್ಫ್ರೆಡ್ ನಿಂತ. ಹೊರಡುವವನಂತೆ ಗೇಟು ತೆರೆದು, ಮತ್ತೆ ಮುಚ್ಚಿದ.

"ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದೇ ಹಿಂದಿರುಗಿಸಬಾರದು ಅಂತ ನಮ್ಮ ಮಾಯ್ ಹೇಳುತ್ತಿದ್ದರು," ಎಂದ ಕೊನೆಗೂ.

"ಅದು ಎಲ್ಲರ ಮನೆಯಲ್ಲೂ ಉಂಟಲ್ಲ? ನಾವೂ ಸಕ್ಕರೆಯೋ ಹೂವೋ ಹಾಕಿಯೇ ಕೊಡುವುದು."

"ಒಲಿಂಡಾ... ನನಗೆ ಎದುರು ನಿಂತು ಕೇಳುವ ಧೈರ್ಯ ಇಲ್ಲ." ಅವನ ಕಿವಿ ಕೆಂಪಾಗಿತ್ತು. "ನನ್ನನ್ನು ಮದುವೆಯಾಗಲು ನಿಮಗೆ ಮನಸ್ಸು ಇದ್ದರೆ, ಚೆಂಬನ್ನು ಒಂದು ತುಂಡು ಬೆಲ್ಲದೊಂದಿಗೆ ಕಳಿಸಿ. ಇಲ್ಲದಿದ್ದರೆ ಬರಿದೇ ಕಳಿಸಿ. ಬಸ್ಸಿನಲ್ಲಿ ಕಳಿಸಿದರೆ ಸಾಕು. ಬೇಡ ಅಂತಾದರೆ ನಾನು ಮತ್ತೆ ಬಂದು ನಿಮಗೆ ಮುಜುಗರ ಮಾಡುವುದಿಲ್ಲ."

ಅಷ್ಟು ಹೇಳಿ ಓಡಿದ. ನಿಜವಾಗಿಯೂ ಓಡಿದ, ಸೆಂಟು ಹಾಕಿದ ಗಲ್ಫಿನವನು!

ಒಲಿಂಡಾ ಗೇಟು ಹಿಡಿದುಕೊಂಡು ಒಬ್ಬಳೇ ನಕ್ಕಳು. ಆಮೇಲೆ ಯಾಕೋ ಅಳು ಬಂತು.

ಮರುದಿನವೇ ಚೆಂಬನ್ನು ಹುಣಸೆಹುಳಿ ಹಾಕಿ ತಿಕ್ಕಿದಳು. ತೂತಿನಿಂದ ವೈರ್ ಎಳೆದು, ಬಾಯಿಗೆ ಹಲಸಿನ ಮರದ ಬಿರಡೆ ಕೂರಿಸಿ, ಮೇಲೆ ಬಲ್ಬಿನ ಹೋಲ್ಡರ್ ಇಡಬೇಕು. ಎಲ್ಲ ಸಿದ್ಧ. ಆದರೆ ಬೆಲ್ಲ?

ದಿನಾ ಅವರ ಮಲ್ಲಿಗೆ ಚೆಂಡುಗಳನ್ನು ಒಯ್ಯುವ ಬಸ್ಸಿನ ಕಂಡಕ್ಟರ್ ಭೋಜ ಒಳ್ಳೆಯವನೇ; ಕ್ರೈಸ್ತ ಹೆಂಗಸರನ್ನು ಬಾಯಮ್ಮ, ಗಂಡಸರನ್ನು ಪೊರ್ಬು ಎಂದು ಮರ್ಯಾದೆಯಿಂದಲೇ ಕರೆಯುವವನು. ಆದರೆ ಅವನ ಬಾಯಿಯಲ್ಲಿ ಗುಟ್ಟು ಎರಡು ಸ್ಟಾಪು ನಿಲ್ಲುವುದಿಲ್ಲ. 'ಬೆಲ್ಲದ ಪೊಟ್ಟಣ ಎಂತಕ್ಕೆ ಬಾಯಮ್ಮ?' ಎಂದು ಕೇಳಿಯೇ ಕೇಳುತ್ತಾನೆ, ಇಡೀ ಬಸ್ಸಿಗೆ ಕೇಳುವ ಹಾಗೆ!

ಅದಕ್ಕೇ ಒಲಿಂಡಾ ಅಚ್ಚಿನಿಂದ ದಪ್ಪ ತುಂಡೊಂದನ್ನು ಒಡೆದು, ಕಣ್ಣು ಮುಚ್ಚಿ ಒಂದು ಪ್ರಾರ್ಥನೆ ಹೇಳಿ, ಚೆಂಬಿನ ಒಳಗೇ ಹಾಕಿದಳು. ಮೇಲೆ ಬಿರಡೆ ಒತ್ತಿ, ಹೋಲ್ಡರ್ ಕೂರಿಸಿ, ಪೇಪರಿನಲ್ಲಿ ಸುತ್ತಿ ಭೋಜನ ಕೈಗೆ ಕೊಟ್ಟಳು. ಅವರೇ ಹೇಳಿದ ಮಾತಲ್ಲವೇ? ತೆರೆದು ನೋಡದೆ ಇರುತ್ತಾರಾ?

ಸಂಜೆ ಬಸ್ಸು ತಿರುಗಿ ಬಂದಾಗ ಅವಳು ರಸ್ತೆಯಲ್ಲೇ ಕಾಯುತ್ತಿದ್ದಳು.

"ಪೊರ್ಬುಗಳ ಕೈಗೇ ಕೊಟ್ಟೆ ಬಾಯಮ್ಮ," ಎಂದ ಭೋಜ. "ಅಲ್ಲಿಯೇ ಪೇಪರ್ ಬಿಚ್ಚಿದರು. ತಿರುಗಿಸಿ ತಿರುಗಿಸಿ ನೋಡಿದರು."

"ಮತ್ತೆ? ಎಂತ ಹೇಳಿದರು?"

"ಎಂತದೂ ಇಲ್ಲ. ಮುಖ ಸಣ್ಣ ಮಾಡಿ ಹೋದರು."

ಬಸ್ಸು ಹೊರಟು ಹೋದ ಮೇಲೂ ಒಲಿಂಡಾ ರಸ್ತೆಯಲ್ಲೇ ನಿಂತಿದ್ದಳು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಭಾನುವಾರ ಕಾಪು ಬಸ್‌ಸ್ಟ್ಯಾಂಡಿನಲ್ಲಿ ಎದುರೆದುರೇ ಸಿಕ್ಕ.

"ಲ್ಯಾಂಪ್ ಚಂದ ಆಗಿದೆ," ಎಂದ ನೆಲ ನೋಡುತ್ತಾ. "ಗುರುವಾರ ಬೊಂಬಾಯಿ ಬಸ್ಸಿಗೆ ಹೋಗುತ್ತೇನೆ. ಅಲ್ಲಿಂದ ಬಹರೈನಿಗೆ. ದೇವರು ನಿಮಗೆ ಒಳ್ಳೆಯದು ಮಾಡಲಿ."

ಅಷ್ಟೇ!

'ಕೇಳಿದವರು ನೀವೇ ಅಲ್ಲವಾ? ನಾನು ಹೌದು ಅಂದ ಮೇಲೆ ಮನಸ್ಸು ಬದಲಾಯಿತಾ? ಹೇಳುವ ಮರ್ಯಾದೆಯೂ ಇಲ್ಲವಾ?' ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದಳು. ಮನೆಗೆ ಬಂದು, ಅವನು ತಂದು ತಾನು ಕನ್ನಡಿ ಕೂರಿಸಿದ್ದ ಕಿಟಕಿಯ ಚೌಕಟ್ಟನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟಳು. ಕನ್ನಡಿಯಲ್ಲಿ ತನ್ನ ಮುಖ ನೋಡುವುದೂ ಬೇಡವೆನಿಸಿತು.

ಇತ್ತ ಕಾಪುವಿನಲ್ಲಿ, ವಿಲ್ಫ್ರೆಡ್ ತಾಯಿಯ ಪಟದ ಕೆಳಗೆ ಲ್ಯಾಂಪ್ ಇಟ್ಟು ಒಬ್ಬನೇ ಕುಳಿತಿರುತ್ತಿದ್ದ. ಪೇಪರಿನ ಮಡಿಕೆ ಮಡಿಕೆಯನ್ನೂ ಹುಡುಕಿದ್ದ ಪುಣ್ಯಾತ್ಮ. ಬೆಲ್ಲ ಇರಲಿಲ್ಲ. ಅವನ ಪಾಲಿಗೆ ಅದು ಈಗ ಲ್ಯಾಂಪು, ಚೆಂಬಲ್ಲ. ಲ್ಯಾಂಪಿಗೆ ಒಳಗು ಎಂಬುದೊಂದು ಇರುತ್ತದೆಂದು ಯಾರಿಗೆ ಹೊಳೆಯುತ್ತದೆ?

ಬುಧವಾರ ಸಂಜೆ ಮೇಬಲ್ ಚಿಕ್ಕಮ್ಮ ಪೊರಕೆ ಹಿಡಿದುಕೊಂಡು ಕಿರುಚಿದರು.

"ಯೇ ವಿಲ್ಲಿ! ಇದು ಎಂತ ಮಾರಾಯ, ನಿನ್ನ ಲ್ಯಾಂಪಿಗೆ ಇರುವೆಗಳ ಮೆರವಣಿಗೆ?"

ಗೋಡೆಯಿಂದ ಮೇಜಿಗೆ, ಮೇಜಿನಿಂದ ವೈರಿಗೆ, ವೈರ್ ಹಿಡಿದು ಬುಡದ ತೂತಿನೊಳಗೆ... ಕೆಂಪಿರುವೆಗಳ ಸಾಲು! ತೂತಿನ ಸುತ್ತ ಅಂಟಂಟಾದ ಕಂದು ಬಣ್ಣದ ಹನಿ.

ವಿಲ್ಫ್ರೆಡ್ ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿದ.

ಸಿಹಿ!

"ಆಂಟೀ...!" ಎಂದವನು ಬಿರಡೆ ಕಿತ್ತ. ಒಳಗೆ ಅರ್ಧ ಕರಗಿದ ಬೆಲ್ಲದ ತುಂಡು.

ಮೇಬಲ್ ಚಿಕ್ಕಮ್ಮನಿಗೆ ವಿಷಯ ತಿಳಿದಾಗ, ಅದೇ ಪೊರಕೆ ಎತ್ತಿ ಅವನ ಬೆನ್ನಿಗೆ ಒಂದು ಕೊಟ್ಟರು. "ದಡ್ಡ! ಆ ಹುಡುಗಿ ಎಷ್ಟು ನೊಂದಿರಬೇಕು!"

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಶಂಕರಪುರದಲ್ಲಿ ನಿಂತಾಗ ಒಲಿಂಡಾ ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದಳು. 'ಇಷ್ಟು ಹೊತ್ತಿಗೆ ಪೆಟ್ಟಿಗೆ ಕಟ್ಟಿ ಆಗಿರಬೇಕು...' ಎಂದು ಯೋಚಿಸುತ್ತಿದ್ದವಳು ಗೇಟಿನ ಸದ್ದಿಗೆ ತಿರುಗಿದಳು.

ವಿಲ್ಫ್ರೆಡ್! ಎದೆಗೆ ಅವಚಿಕೊಂಡ ಚೆಂಬಿನ ಲ್ಯಾಂಪು. ಬಿಳಿ ಶರ್ಟಿನ ಮೇಲೆ ಬೆಲ್ಲದ ಕಲೆ, ತೋಳಿನ ಮೇಲೆ ಇರುವೆ.

"ಒಳಗೆ ಹಾಕಿದ್ದಿರಾ?" ಎಂದ ಏದುಸಿರು ಬಿಡುತ್ತಾ.

"ಮತ್ತೆ?" ಒಲಿಂಡಾಳ ಬುಟ್ಟಿ ಕೈಯಿಂದ ಜಾರಿತು. "ನೀವು... ನೀವು ತೆರೆದು ನೋಡಲೇ ಇಲ್ಲವಾ?"

"ಇಲ್ಲ! ಬರಿದೇ ಕಳಿಸಿದಿರಿ ಅಂತ..."

"ನಾನು ಬರಿದೇ ಕಳಿಸುತ್ತೇನಾ? ನಿಮ್ಮ ಮಾಯಿಯ ಚೆಂಬನ್ನು?"

ಇಷ್ಟು ದಿನ ಎದೆಯ ಮೇಲೆ ಕುಳಿತಿದ್ದ ಅರೆಯುವ ಕಲ್ಲು ಒಮ್ಮೆಲೇ ಉರುಳಿ ಹೋಯಿತು. ಒಲಿಂಡಾ ಗಟ್ಟಿಯಾಗಿ ಉಸಿರು ಬಿಟ್ಟಳು. ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಅಡುಗೆಮನೆಯ ಕಿಟಕಿಯಲ್ಲಿ ಐರಿನ್ ಶಿಲುಬೆಯ ಗುರುತು ಮಾಡಿಕೊಂಡರು.

"ನಿಮ್ಮ ಬೊಂಬಾಯಿ ಬಸ್ಸು?"

"ಬಸ್ಸು ಹೋಗಲಿ. ಇನ್ನಷ್ಟು ರಜೆ ಕೇಳಲು ಟೆಲಿಗ್ರಾಮ್ ಕೊಡುತ್ತೇನೆ. ಸಂಜೆ ಮೇಬಲ್ ಆಂಟಿ ಬರುತ್ತಾರೆ, ನಿಮ್ಮ ಮನೆಯವರ ಹತ್ತಿರ ಮಾತಾಡಲಿಕ್ಕೆ. ನಾವು ಎಲ್ಲಿ ಮನೆ ಮಾಡಿದರೂ ಈ ಅಂಗಳ ನಿಮ್ಮೊಟ್ಟಿಗೆ ಬರಬೇಕು. ಕಲ್ಲು, ಹಲಗೆ, ಭರಣಿ... ಎಲ್ಲವೂ."

ಒಲಿಂಡಾ ಚೆಂಬಿನೊಳಗೆ ಇಣುಕಿದಳು. ಖಾಲಿ.

"ಬೆಲ್ಲ ಎಲ್ಲಿ?"

"ಇರುವೆ ತಿಂದು ಉಳಿದದ್ದನ್ನು ನಾನು ತಿಂದೆ."

"ಅಯ್ಯೋ! ಇರುವೆ ಸಮೇತವಾ?"

"ಆರಿಸುವಷ್ಟು ಪುರುಸೊತ್ತು ಯಾರಿಗಿತ್ತು?"

ಅವಳು ಅವನ ತೋಳಿನ ಮೇಲಿದ್ದ ಇರುವೆಯನ್ನು ಮೆಲ್ಲನೆ ಕೊಡವಿದಳು. "ಒಳ್ಳೆಯದೇ ಆಯಿತು. ಇರುವೆ ತಿಂದರೆ ಕಣ್ಣು ಚುರುಕಾಗುತ್ತದಂತೆ. ಇನ್ನು ಮೇಲಾದರೂ ಸರಿಯಾಗಿ ನೋಡಿ."

"ನೋಡುತ್ತಾ ಇದ್ದೇನಲ್ಲ," ಎಂದ ವಿಲ್ಫ್ರೆಡ್, ಅವಳ ಮುಖದಿಂದ ಕಣ್ಣು ತೆಗೆಯದೆ.