ಮೂರನೇ ಕೋಣೆಯ ಹೊಸ್ತಿಲು

"ನನ್ನ ಗಂಡ ಕೊಲೆಗಾರ ಅಲ್ರೀ ಬಾಯಾರ, ನೀವರ ನಂಬ್ರಿ," ಎನ್ನುತ್ತ ಪುಷ್ಪಾವತಿ ಬಾಗಿಲಲ್ಲೇ ಕುಸಿದಳು.

೨೦೦೬ರ ಏಪ್ರಿಲ್. ಹಾವೇರಿಯ ಆ ಮನೆಗೆ ಇಂಥ ಮೊರೆ ಹೊಸದಾಗಿರಲಿಲ್ಲ. ಕಾರ್ಮಿಕ ಇಲಾಖೆಯಿಂದ ನಿವೃತ್ತರಾದ ಕಾಶೀಬಾಯಿ ಪೊಲೀಸರಿಗೆ ಬಗೆಹರಿಯದ ಹಲವು ಪ್ರಕರಣಗಳನ್ನು ಬಿಡಿಸಿದ್ದರು. ಪ್ರತಿ ಸಲವೂ ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಮಹಮೂದಾಬೇಗಂ ಜೊತೆಗಿರುತ್ತಿದ್ದರು. ಅವರೀಗ ನೀರು ತಂದು, ಪುಷ್ಪಾವತಿ ಕುಡಿದು ಮುಗಿಸುವ ತನಕ ಲೋಟದ ಕೆಳಗೆ ತಮ್ಮ ಕೈ ಹಿಡಿದಿದ್ದರು.

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಸೋಮವಾರ ಬೆಳಿಗ್ಗೆ ಮೂರನೇ ಕೋಣೆ ತೆರೆದಾಗ, ಚೀಲಗಳಿಗೆ ಬೂಷ್ಟು ಹಿಡಿದಿದೆಯೇ ಎಂದು ನೋಡುವ ಮೈಲಾರೆಪ್ಪ ಬಾಗಿಲಿಗೊರಗಿ ಸತ್ತಿದ್ದ. ಶನಿವಾರ ಸಂಜೆ ಹೊರಗಿನಿಂದ ಚಿಲಕ ಹಾಕಿದವನು ಪುಷ್ಪಾವತಿಯ ಗಂಡ ಅಂದಾನೆಪ್ಪ. ಮೈಲಾರೆಪ್ಪ ಒಂಟಿ ಜೀವ. ಭಾನುವಾರ ರಜೆ, ಅವನನ್ನು ಯಾರೂ ಹುಡುಕಲಿಲ್ಲ.

"ಇಬ್ಬರಿಗೂ ಜಗಳ ಇತ್ತೇನು?" ಕಾಶೀಬಾಯಿ ಕೇಳಿದರು.

"ಜಗಳ ಎಲ್ಲಿದ್ರಿ, ಬರೇ ಚ್ಯಾಷ್ಟಿರಿ! ನಮ್ಮವರು ಆತಗ 'ಹರಕ ಚಪ್ಪಲಿ ಸಾಹುಕಾರ, ನಿನ್ನ ಒಳಗ ಹಾಕಿ ಕೀಲಿ ಜಡೀತೇನಿ' ಅಂತಿದ್ರು. ಆತ ನಗತಿದ್ದ. ಈಗ ಪೊಲೀಸರು ಅದನ್ನ ಹಿಡಕೊಂಡಾರ."

ಅಲ್ಲಿ ಒಂದು ರೂಢಿಯಿತ್ತು. ಒಬ್ಬನೇ ಒಳಹೋಗುವವನು ಕ್ಯಾನ್ವಾಸ್ ಬೂಟು ಹಾಕಿಕೊಂಡು, ತನ್ನ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಡಬೇಕು. ಚಪ್ಪಲಿ ಇದ್ದರೆ ಚಿಲಕ ಹಾಕುವಂತಿಲ್ಲ. ಅಂದು ಚಪ್ಪಲಿ ಇರಲಿಲ್ಲವೆಂದು ಅಂದಾನೆಪ್ಪ ಆಣೆ ಮಾಡುತ್ತಿದ್ದ. ಅವನೇ ಅಡಗಿಸಿದ್ದಾನೆ ಎಂಬುದು ಪೊಲೀಸರ ಮಾತು.

ಗೆಳತಿಯರು ಬ್ಯಾಡಗಿ ಮುಟ್ಟಿದಾಗ ಗಾಳಿಯಲ್ಲಿದ್ದ ಖಾರಕ್ಕೆ ಮಹಮೂದಾಬೇಗಂ ಕೆಮ್ಮತೊಡಗಿದರು. ಕಸಗುಡಿಸುವ ಶೇಖವ್ವ ಓಡಿ ಬಂದು ಚಹಾ ಕೊಟ್ಟಳು. ಅವರ ಕೆಮ್ಮು ನಿಲ್ಲದ್ದನ್ನು ಕಂಡು ತಾನೇ ಬಸಿಗೆ ಸುರಿದು ಆರಿಸಿದಳು.

"ಎಷ್ಟ ದಿನಾತವ್ವ ಕೆಲಸಕ್ಕ ಸೇರಿ?" ಕಾಶೀಬಾಯಿ ಕೇಳಿದರು.

"ಹದಿನೈದು ದಿನ ಆತ್ರಿ. ಮೈಲಾರಣ್ಣ ದಿನಾ ತನ್ನ ಬುತ್ತ್ಯಾಗಿನ ಅರ್ಧಾ ರೊಟ್ಟಿ ಕೊಡ್ತಿದ್ರಿ..." ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕಾಶೀಬಾಯಿ ಹೊಸ್ತಿಲ ಮೂಲೆಯಲ್ಲಿ ಒಂದು ಸುತಳಿ ತುಂಡನ್ನು ಹೆಕ್ಕಿದರು. ಕಾಲಬೆರಳು ತೂರುವಷ್ಟು ಕುಣಿಕೆಯ ಮಡಿಕೆ ಅದರಲ್ಲಿ ಉಳಿದಿತ್ತು. ಗಂಟನ್ನು ಯಾರೋ ಸಾವಧಾನದಿಂದ ಬಿಚ್ಚಿದ್ದರು. ಒಳಗಿನ ಕರೆಗಂಟೆಯ ಗುಂಡಿ ಒತ್ತಿದರು. ಸದ್ದಿಲ್ಲ, ವಾಯರ್ ಕಿತ್ತಿತ್ತು. ಮ್ಯಾನೇಜರ್ ವಿಜಯೇಂದ್ರ ಒಂಟಿ ಕೆಲಸಗಾರರ ದಾಖಲೆ ಪುಸ್ತಕ ತಂದು ತೋರಿಸಿದ. ಅರ್ಧ ಗಂಟೆಗೊಮ್ಮೆ "ಕೂಗಿ ನೋಡಲಾಗಿದೆ", ಕೆಳಗೆ ಅವನ ಸಹಿ.

ಕಾಶೀಬಾಯಿ ಬಸ್ ನಿಲ್ದಾಣದವರೆಗೆ ಒಬ್ಬರೇ ಹೋಗಿ ಬಂದರು. ಮಧ್ಯಾಹ್ನ ಪುಷ್ಪಾವತಿ ಸಹಿತ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಪಿಎಸ್‌ಐ ಕಿರಣಕುಮಾರ ಅಂದಾನೆಪ್ಪನನ್ನೂ ಕರೆತಂದಿದ್ದ.

ಕಾಶೀಬಾಯಿ ಹೇಳತೊಡಗಿದರು. "ಸತ್ತವನ ಕಾಲಾಗ ಕ್ಯಾನ್ವಾಸ್ ಬೂಟು ಇದ್ವು. ಅಂದ್ರ ಚಪ್ಪಲಿ ಹೊರಗ ಬಿಟ್ಟಿದ್ದ. ಹರದ ಉಂಗುಟಾನ ಈ ಸುತಳೀಲೆ ಕಟ್ಟಿದ್ದ. ಕಿರಣಕುಮಾರ, ಅಡಗಿಸಾಂವ ಗಂಟು ಬಿಚ್ಚತಾನೇನು? ಬಿಚ್ಚೋರು ಹೊಲಿಸಾಕ ಒಯ್ಯೋರು. ಹಂಗಾಗಿ ಬಸ್ ಸ್ಟ್ಯಾಂಡಿನ್ಯಾಗ ಚಪ್ಪಲಿ ಹೊಲಿಯಾಂವನ ಹತ್ರ ಹೋದೆ. ಶನಿವಾರ ಕೊಟ್ಟಿದ್ರು, ಸೋಮವಾರ ಒಯ್ದಾರ."

ಶೇಖವ್ವ ಒಳಗೆ ಹೋಗಿ, ತನ್ನ ಬುತ್ತಿಚೀಲದಿಂದ ಹೊಸ ಉಂಗುಟದ ಚಪ್ಪಲಿ ತಂದು ಎಲ್ಲರ ನಡುವೆ ಇಟ್ಟಳು.

"ಹೊಲಿಸಿ ಕೊಡೂಣಂತ ಒಯ್ದಿದ್ದೆರಿ, ಬೂಟಿನ್ಯಾಗ ಮನೀಗೆ ಹೋಗ್ತಾನ ಅನ್ಕೊಂಡಿದ್ದೆರಿ. ಚಪ್ಪಲಿ ಇಲ್ಲಂದ್ರ ಮಂದಿ ಇಲ್ಲ ಅಂತ ನನಗ್ಯಾರೂ ಹೇಳಿರಲಿಲ್ರಿ. ಸೋಮವಾರ ತಂದು ನೋಡಿದ್ರ..."

"ಹಂಗಾದ್ರ ಈಕಿನ..." ವಿಜಯೇಂದ್ರ ಬೆರಳು ಚಾಚಿದ.

ಕಾಶೀಬಾಯಿ ತಡೆದರು. "ಕೈ ಇಳಸ್ರಿ. ಕೂಗಿ ನೋಡಬೇಕಾದವರು ನೀವು. ಶನಿವಾರದ ಸಹಿ ಅತ್ಲಾಗಿರಲಿ. ಭಾನುವಾರ ಬೀಗ ಹಾಕಿದ ಕಟ್ಟಡದಾಗ ಯಾರ್ನ ಕೂಗಿದ್ರಿ? ಆ ಪುಟಾನೂ ತುಂಬೇದ, ಒಂದೇ ಮಸಿ, ಒಂದೇ ಸವನ. ಗಂಟಿ ವಾಯರ್ ಕಿತ್ತವರಾರು?"

ವಿಜಯೇಂದ್ರ ತಲೆ ತಗ್ಗಿಸಿದ. "ಸುಮ್ಮಸುಮ್ಮನ ಬಡಕೋತಿತ್ರಿ, ನಾನ ತಗಸಿದ್ದೆ. ಶನಿವಾರ ರಾಣೇಬೆನ್ನೂರಿನ್ಯಾಗ ಮದುವಿ ಇತ್ತು. ಮುಂಜಾನೇನ ಸಹಿ ಹಾಕಿ ಹೋದೆ."

ಕಿರಣಕುಮಾರ ಪುಸ್ತಕವನ್ನು ವಶಕ್ಕೆ ತೆಗೆದುಕೊಂಡು, ವಿಜಯೇಂದ್ರನಿಗೆ ಜೀಪು ಹತ್ತಲು ಹೇಳಿದ. ಅಂದಾನೆಪ್ಪನಿಗೆ ಮನೆಗೆ ಹೋಗು ಎಂದ. ಪುಷ್ಪಾವತಿ ಗಂಡನ ಎರಡೂ ಕೈ ಹಿಡಿದುಕೊಂಡಳು.

"ಬಾಯಾರ, ನಾನ ಕೊಂದೇನೇನ್ರಿ ಆತನ್ನ?" ಶೇಖವ್ವ ಕೇಳಿದಳು.

"ಇಲ್ಲವ್ವ. ಒಬ್ಬನ ಜೀವಾನ ಒಂದು ಜೋಡಿ ಚಪ್ಪಲಿಗೆ ಕಟ್ಟಿಟ್ಟವರು ಬ್ಯಾರೇದವರು."

"ಖರೇ ಅದರಿ. ಆದ್ರ ಒಯ್ದಾಕಿ ನಾನ ಅಲ್ಲೇನ್ರಿ?"

ಇಷ್ಟು ಹೊತ್ತು ಒಂದೊಂದೇ ಎಳೆ ಬಿಡಿಸಿ ಹೇಳಿದ್ದ ಕಾಶೀಬಾಯಿ ಕೈಯಲ್ಲಿದ್ದ ಸುತಳಿಯನ್ನು ಬೆರಳಿಗೆ ಸುತ್ತತೊಡಗಿದರು. ಮಹಮೂದಾಬೇಗಂ ಗೆಳತಿಯ ಮುಖ ನೋಡಲಾರದೆ ಅತ್ತ ತಿರುಗಿದರು. ಗೇಟಿನವರೆಗೆ ಹೋಗಿದ್ದ ಅಂದಾನೆಪ್ಪ ಹೆಂಡತಿಯ ಕೈ ಮೆಲ್ಲಗೆ ಬಿಡಿಸಿಕೊಂಡು ಹಿಂದಿರುಗಿ ಬಂದ.

"ಚಿಲಕ ಹಾಕಿದಾಂವ ನಾನಬೇ ಯವ್ವಾ," ಎಂದು ಶೇಖವ್ವನ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಆಮೇಲೆ ಇಬ್ಬರೂ ಅತ್ತರು.