ಬೆಳ್ಯಪ್ಪ ಮೇಷ್ಟ್ರ ಮೇಜಿನ ಟಿಕ್ ಟಿಕ್

ಸೀಸದ ಡಬ್ಬಿ ಖಾಲಿಯಾಗಿತ್ತು. ಮುಚ್ಚಳ ತೆಗೆದ ವಿದ್ಯಾರ್ಥಿನಿ ಕಾವ್ಯಶ್ರೀ ಇಕ್ಕಳ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟಳು. ಆ ಮಂಗಳವಾರ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಕೆಂಚಿಗೆ ಮೊದಲು ಕಂಡದ್ದು ಅವಳ ಮುಖ, ಡಬ್ಬಿ ಆಮೇಲೆ.

ಗೋಣಿಕೊಪ್ಪಲಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಆ ಕಾಲೇಜಿನಲ್ಲಿ, ಕೊನೆಯ ವರ್ಷದ ಬಿ.ಎಸ್ಸಿ. ಮಕ್ಕಳು ನ್ಯೂಕ್ಲಿಯರ್ ಫಿಸಿಕ್ಸ್ ಪ್ರಯೋಗ ಮಾಡುವುದಕ್ಕೆ ಇದ್ದದ್ದು ವಿಕಿರಣದ ಒಂದೇ ಸೋರ್ಸು. ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಬಿಲ್ಲೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸೀಸಿಯಂ. ಅದರಿಂದ ಹೊರಡುವ ಕಿರಣಗಳನ್ನು ಗೈಗರ್ ಕೌಂಟರ್ ಟಿಕ್ ಟಿಕ್ ಎಂದು ಎಣಿಸುತ್ತಿತ್ತು.

ಶುಕ್ರವಾರ ಪ್ರಾಕ್ಟಿಕಲ್ ಪರೀಕ್ಷೆ. ‘ಐದು ರೀಡಿಂಗ್ ತೆಗೆದು ಸೋರ್ಸನ್ನು ಡಬ್ಬಿಯಲ್ಲಿಟ್ಟಿದ್ದೇನೆ’ ಎಂದು ಅತಿಥಿ ಉಪನ್ಯಾಸಕ ಶಶಿಧರ ಸೋಮವಾರ ಸಂಜೆ ರಿಜಿಸ್ಟರಿನಲ್ಲಿ ಬರೆದಿದ್ದರು. ಅದಾದ ಮೇಲೆ ಡಬ್ಬಿಯಿಡುವ ಕಪಾಟಿನ ಬೀಗದಕೈ ಪಡೆದವಳು ಕಾವ್ಯಶ್ರೀ ಒಬ್ಬಳೇ. ಹಾಸ್ಟೆಲಿನಲ್ಲಿ ಅವಳ ಟ್ರಂಕು ಜಾಲಾಡಿದರು. ಶುಕ್ರವಾರದೊಳಗೆ ಬಿಲ್ಲೆ ಸಿಗದಿದ್ದರೆ ಅವಳು ಪರೀಕ್ಷೆಗೆ ಕೂರುವ ಹಾಗಿಲ್ಲ, ಪೊಲೀಸರಿಗೆ ದೂರು ಹೋಗುತ್ತದೆ ಎಂದು ಪ್ರಿನ್ಸಿಪಾಲ್ ಸಣ್ಣಸ್ವಾಮಿ ಹೇಳಿದರು. ಕುಶಾಲನಗರದ ಕಡೆಯ ರೈತರ ಮಗಳು. ಮನೆಗೆ ಫೋನು ಮಾಡಲೂ ಹೆದರಿದಳು.

ಅದೇ ಮಧ್ಯಾಹ್ನ ಇನ್ನೊಂದು ಸಂಗತಿ ನಡೆಯಿತು. ಲ್ಯಾಬಿನ ಮೂಲೆಯ ಮೇಜು ಹಿಂದೆ ಫಿಸಿಕ್ಸ್ ಹೇಳುತ್ತಿದ್ದ ಬೆಳ್ಯಪ್ಪ ಮೇಷ್ಟ್ರದ್ದು. ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಅಲ್ಲಿ ಯಾರೋ ಕೌಂಟರ್ ಆನ್ ಮಾಡಿದರು. ಸೋರ್ಸ್ ಇಲ್ಲದಿದ್ದರೂ ಕಲ್ಲಿನಿಂದ, ಆಕಾಶದಿಂದ ಬರುವ ಕಿರಣಕ್ಕೆ ಅದು ನಿಮಿಷಕ್ಕೆ ಇಪ್ಪತ್ತು ಸಲ ಟಿಕ್ ಅನ್ನುವುದುಂಟು. ಅವತ್ತು ಎಪ್ಪತ್ತು ಸಲ ಅಂದಿತು. ಸತ್ತ ಮೇಷ್ಟ್ರು ಬಂದಿದ್ದಾರೆಂದು ಮಕ್ಕಳು ಬ್ಯಾಗು ಬಿಟ್ಟು ಓಡಿದರು. ಮೇಷ್ಟ್ರಿಗೆ ಆ ಜಾಗದಲ್ಲಿ ಬೇರೆಯವರು ಕೂತರೆ ಆಗುವುದಿಲ್ಲ ಎಂದು ಶಶಿಧರ ಕೌಂಟರನ್ನು ಆಚೆ ಬದಿಯ ಮೇಜಿಗೆ ಸಾಗಿಸಿದರು. ಅಲ್ಲಿ ಅದು ಸುಮ್ಮನೆ ಇಪ್ಪತ್ತಕ್ಕಿಳಿಯಿತು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಕೆಂಚಿಗೆ ಈ ಕೆಲಸ ಕೊಡಿಸಿದವರು ಮೇಷ್ಟ್ರೇ. ಯಾರಾದರೂ ರೀಡಿಂಗ್ ತಪ್ಪಾಗಿ ಬರೆದರೆ ಮೇಷ್ಟ್ರು ಅವರ ಹಿಂದೆ ನಿಂತು ನಾಲಿಗೆಯಲ್ಲಿ ಲೊಚಗುಟ್ಟುತ್ತಿದ್ದರು. ಆ ಟಿಕ್ ಟಿಕ್ ಥೇಟ್ ಹಾಗೆಯೇ ಕೇಳಿಸಿತು. ಅಂದಿನಿಂದ ಕೆಂಚಿ ಆ ಮೂಲೆ ಗುಡಿಸುವಾಗ ಬೆನ್ನು ಗೋಡೆಗೆ ಕೊಟ್ಟೇ ಗುಡಿಸಿದಳು. ಪಕ್ಕದ ಸಿಂಕಿನ ನಲ್ಲಿಗೆ ಬಟ್ಟೆ ಸುತ್ತಿ ‘ಲೀಕ್ ಇದೆ’ ಎಂದು ಚೀಟಿ ಅಂಟಿಸಿದ್ದರಿಂದ ನೀರನ್ನು ಅಂಗಳದಿಂದ ಹೊತ್ತು ತರಬೇಕಿತ್ತು.

ಕಾಲೇಜಿನ ಹಿಂದಿನ ಕ್ವಾರ್ಟರ್ಸಿನಲ್ಲಿದ್ದ ಪ್ರೇಮಾವತಿ ಮೇಡಂ ಫಿಸಿಕ್ಸ್ ಹೇಳುತ್ತಿದ್ದರು; ಕಾಲೇಜಿನಲ್ಲಿ ಏನೇ ಕಳೆದರೂ ಹುಡುಕಿಕೊಡುವವರೂ ಅವರೇ. ಹಿಂದೆಲ್ಲ ಟಾರ್ಚು ಹಿಡಿದು ಜೊತೆಗೆ ನಡೆದವಳು ಕೆಂಚಿ. ಬುಧವಾರ ಮೇಡಂ ವಾರದ ರೀಡಿಂಗ್ ಹಾಳೆಗಳನ್ನೆಲ್ಲ ತರಿಸಿಕೊಂಡು, ಸೋಮವಾರ ಏನೇನು ಕೆಲಸ ಮಾಡಿದೆ ಎಂದು ಕೆಂಚಿಯನ್ನು ಕೇಳಿದರು. ಮಳೆಗೆ ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು, ಹೊರಗಿನ ಎಕ್ಸಾಮಿನರ್ ಬರುತ್ತಾರೆಂದು ಶಶಿಧರ ಸರ್ ಎಲ್ಲವನ್ನೂ ಒರೆಸಿಸಿದರು, ತಾವೂ ಒರೆಸಿದರು, ಸಂಜೆ ಹೋಗುವಾಗ ಅವರ ಅಂಗಿಯ ತೋಳು ಮೊಣಕೈವರೆಗೆ ನೆಂದಿತ್ತು ಎಂದಳು ಕೆಂಚಿ. ಇನ್ನೇನಾದರೂ ಕಂಡೆಯಾ ಎಂದರೆ ಇಲ್ಲವೆಂದು ತಲೆಯಾಡಿಸಿದಳು.

ಗುರುವಾರ ಮೂರು ಗಂಟೆಗೆ ಎಲ್ಲರೂ ಲ್ಯಾಬಿನಲ್ಲಿ ಸೇರಿದರು. ಮೇಡಂ ಎರಡು ಹಾಳೆಗಳನ್ನು ಪ್ರಿನ್ಸಿಪಾಲರ ಮುಂದಿಟ್ಟರು.

“ಸೋಮವಾರ ಬೆಳಿಗ್ಗೆ ಕಾವ್ಯಶ್ರೀ ಕ್ಲಾಸಿನ ದಿವ್ಯ ತೆಗೆದದ್ದು: 412, 379, 431, 388, 404. ಸಂಜೆ ಶಶಿಧರ್ ತೆಗೆದದ್ದು: 401, 399, 402, 400, 398. ಯಾವುದು ಚೆಂದ ಕಾಣ್ತದೆ, ಸರ್?”

“ಶಶಿಧರ ಅವರದ್ದು. ಅಚ್ಚುಕಟ್ಟಾಗಿದೆ.”

“ಪರಮಾಣುವಿಗೆ ಅಚ್ಚುಕಟ್ಟು ಅಂದ್ರೆ ಏನೂಂತ ಗೊತ್ತಿಲ್ಲ, ಸರ್. ಯಾವುದು ಯಾವಾಗ ಒಡೀತದೋ ಅದಕ್ಕೇ ಗೊತ್ತಿಲ್ಲ. ಹೋದ ನಿಮಿಷ ಎಷ್ಟು ಒಡೆದವು ಅನ್ನೋ ನೆನಪೂ ಇಲ್ಲ. ನಾನೂರರ ಸುತ್ತ ಎಣಿಸಿದ್ರೆ ಇಪ್ಪತ್ತು ಆಚೆ, ಇಪ್ಪತ್ತು ಈಚೆ ಓಲಾಡಲೇಬೇಕು. ಐದಕ್ಕೆ ಐದೂ ಎರಡರೊಳಗೆ ನಿಂತಿವೆ ಅಂದ್ರೆ ಎಣಿಸಿದ್ದು ಕೌಂಟರಲ್ಲ, ಪೆನ್ನು.”

ಶಶಿಧರ ನಕ್ಕರು. “ಸುಮ್ನೆ ಬರ್ಕೊಂಡೆ, ಮೇಡಂ. ಯಾರು ಬರ್ಕೊಳ್ಳಲ್ಲ ಹೇಳಿ. ಅದಕ್ಕೆ ಕಳ್ಳ ಅಂತೀರಾ?”

“ಕಳ್ಳ ಅನ್ನಲಿಲ್ಲ. ಐದು ನಿಮಿಷದ ಕೆಲಸ ಅದು. ಸೋರ್ಸ್ ಕೈಲಿದ್ದವರು ಸುಳ್ಳು ಬರೆಯೋದು ಯಾಕೆ?”

ಆಮೇಲೆ ಮೇಡಂ ಉಳಿದದ್ದನ್ನು ಬಿಡಿಸಿ ಹೇಳಿದರು. ಬುಧವಾರ ಸಂಜೆ ಕೌಂಟರನ್ನು ಮತ್ತೆ ಮೂಲೆಯ ಮೇಜಿಗೆ ತಂದು ಗೇಣುಗೇಣಾಗಿ ಸರಿಸಿದ್ದರು. ಸಿಂಕಿನ ಕಡೆ ಹೋದಷ್ಟೂ ಟಿಕ್ ಟಿಕ್ ಏರಿತು. ಕೆಳಗಿನ ಬಾಗಿದ ಪೈಪಿನ ಬಳಿ ಮುನ್ನೂರು ದಾಟಿತು. ಸತ್ತವರು ಬಂದದ್ದಲ್ಲ, ಬಿಲ್ಲೆ ಅಲ್ಲಿತ್ತು. ಅದಕ್ಕೇ ಕೌಂಟರ್ ಆ ಮೂಲೆಯಲ್ಲಿರುವುದು ಒಬ್ಬರಿಗೆ ಬೇಡವಾಗಿತ್ತು.

“ಪೈಪಿಗೆ ಯಾರು ಬೇಕಾದ್ರೂ ಹಾಕಬಹುದು,” ಎಂದರು ಶಶಿಧರ. “ಇವಳೇ ಹಾಕಿರಬಹುದು.”

ಕಾವ್ಯಶ್ರೀ ತಲೆ ಎತ್ತಲಿಲ್ಲ. ಮೇಡಂ ಬಾಗಿಲ ಕಡೆ ತಿರುಗಿದರು. “ಕೆಂಚಿ, ಆ ನಲ್ಲಿ ಯಾವಾಗಿಂದ ಲೀಕು?”

ಕೆಂಚಿ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು. ಸರ್‌ಗಳ ನಡುವೆ ಅವಳು ಎಂದೂ ಬಾಯಿ ತೆರೆದವಳಲ್ಲ.

“ಲೀಕ್ ಇಲ್ಲ, ಮೇಡಂ. ಸೋಮವಾರ ಬೆಳಿಗ್ಗೆ ಅಲ್ಲೇ ಬಕೆಟ್ ತುಂಬಿಸಿದ್ದೆ. ಸಂಜೆ ಸರ್ ಸಿಂಕಿನ ತೂತಿಗೆ ಬೆರಳು ಹಾಕ್ತಾ ಇದ್ರು. ಆಮೇಲೆ ಬಟ್ಟೆ ಕಟ್ಟಿದ್ದೂ ಅವರೇ.”

ಶಶಿಧರ ಸ್ಟೂಲಿನ ಮೇಲೆ ಕೂತು ಒಪ್ಪಿಕೊಂಡರು. ಬಿಲ್ಲೆಗೂ ಬೂಷ್ಟು ಹಿಡಿದಿತ್ತಂತೆ. ನಲ್ಲಿಯ ಕೆಳಗೆ ಉಜ್ಜಿ ತೊಳೆಯಲು ಹೋಗಿ ಕೈಜಾರಿತು, ಸಿಂಕಿಗೆ ಜಾಲರಿ ಇರಲಿಲ್ಲ. ಸೋರ್ಸನ್ನು ತೊಳೆದೆ ಎಂದರೆ ಮುಂದಿನ ವರ್ಷ ಕೆಲಸಕ್ಕೆ ಕರೆಯುತ್ತಾರೆಯೇ ಎಂದು ಹೆದರಿದ್ದರು. ಪರೀಕ್ಷೆ ಮುಗಿದ ಮೇಲೆ ತೆಗೆದು ಎಲ್ಲಾದರೂ ಇಟ್ಟುಬಿಡೋಣ ಅಂದುಕೊಂಡಿದ್ದರು. ಅಷ್ಟರವರೆಗೆ ಹುಡುಗಿಯ ಗತಿ ಏನೆಂದು ಮೇಡಂ ಕೇಳಿದರು. ಪೈಪು ಬಿಚ್ಚಿದಾಗ ಕೆಸರಿನ ಜೊತೆ ಬಿಲ್ಲೆ ಬಂತು. ಅದನ್ನು ಇಕ್ಕಳದಲ್ಲಿ ಎತ್ತಿ ಡಬ್ಬಿಗೆ ಹಾಕಿದರು. ಪ್ರಿನ್ಸಿಪಾಲರು ಅಲ್ಲೇ ನಿಂತು ಕಾವ್ಯಶ್ರೀಯ ಹಾಲ್ ಟಿಕೆಟ್ಟಿಗೆ ಸಹಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ಲ್ಯಾಬಿನ ಹೊರಗೆ ಕಾವ್ಯಶ್ರೀ ಕೆಂಚಿಯ ಬಳಿ ಬಂದು ನಿಂತಳು.

“ಅಕ್ಕ, ಸಿಂಕಿನ ವಿಷ್ಯ ನಿಮಗೆ ಸೋಮವಾರಾನೇ ಗೊತ್ತಿತ್ತಲ್ವಾ?”

ತನ್ನನ್ನು ಯಾರೂ ಕೇಳಲಿಲ್ಲ ಎನ್ನಬಹುದಿತ್ತು. ಅದು ಸುಳ್ಳು, ಮೇಡಂ ಕೇಳಿದ್ದರು. ಮೇಷ್ಟ್ರೇ ಬಂದಿದ್ದಾರೆ, ಅವರೇ ನೋಡಿಕೊಳ್ಳುತ್ತಾರೆ ಎಂದು ನಂಬುವುದು ಬಾಯಿ ತೆರೆಯುವುದಕ್ಕಿಂತ ಸುಲಭವಾಗಿತ್ತು.

“ನೋಡಿದ್ದೆ,” ಎಂದಳು ಕೆಂಚಿ. “ಹೇಳ್ಲಿಲ್ಲ.”

ಕಾವ್ಯಶ್ರೀ ಬೈಯಲಿಲ್ಲ.

“ಮೂರು ದಿನ ಊಟ ಸೇರ್ಲಿಲ್ಲ ಅಕ್ಕ ನಂಗೆ,” ಎಂದಷ್ಟೇ ಹೇಳಿ, ಬೆಲ್ ಹೊಡೆದಾಗ ಒಳಗೆ ಹೋದಳು.