ಕೊನೆಯ ಪಂಕ್ತಿ

"ಮದುವೆಗೆ ಒಪ್ಪಿಗೆ ಇದ್ರೆ ಜಯಂತಿ ದಿನ ಊಟದ ಪಂಕ್ತೀಲಿ ಬಂದು ಕೂತ್ಕೊಳ್ಳಿ. ಇಲ್ದಿದ್ರೆ ಟೇಬಲ್ ಬಿಟ್ಟು ಏಳ್ಬೇಡಿ. ನಮ್ಮಮ್ಮನೂ ಬರ್ತಾರೆ. ಇನ್ನೊಂದ್ಸಲ ನಾನು ಕೇಳಲ್ಲ."

ಹನ್ನೊಂದು ದಿನದ ಹಿಂದೆ, ಕನ್ನಡಕದ ಲೆನ್ಸ್ ತಯಾರಿಸುವ ಆ ಕಾರ್ಖಾನೆಯ ಫೋರ್‌ಮನ್ ಇಷ್ಟು ಹೇಳಿ ಪೇಟ ಸರಿಮಾಡಿಕೊಂಡು ಹೋಗಿಬಿಟ್ಟಿದ್ದ. ಕೇಳಿಸಿಕೊಂಡವಳು ಲೆನ್ಸ್ ತಪಾಸಣೆಯವಳು. ಯಾರಿಗೂ ಕಾಣದ ಗೀರು ಅವಳಿಗೆ ಕಾಣುತ್ತದೆಂದು ಎಲ್ಲರೂ ಅವಳನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು.

ಇವತ್ತು ಗುರುನಾನಕ ಜಯಂತಿ. ಫೋರ್‌ಮನ್ ಮತ್ತು ಅವನ ತಾಯಿ ಪ್ಯಾಕಿಂಗ್ ಹಾಲ್‌ನಲ್ಲಿ ಲಂಗರ್, ಅಂದರೆ ಸಿಖ್ಖರ ಸಾಮೂಹಿಕ ಊಟ, ಏರ್ಪಡಿಸಿದ್ದರು. ಮ್ಯಾನೇಜರ್‌ನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ನೆಲದ ಮೇಲೆ ಒಂದೇ ಸಾಲು. ತಲೆ ಮುಚ್ಚಿಕೊಳ್ಳಲು ಬಟ್ಟೆ ಸಾಲದೆ ಅರ್ಧ ಜನ ಕೆಲಸದ ನೀಲಿ ಟೋಪಿಯಲ್ಲೇ ಕೂತಿದ್ದರು. ಮ್ಯಾನೇಜರ್ ಚಕ್ಕಳಮಕ್ಕಳ ಹಾಕಲು ಹೋಗಿ ಪಕ್ಕಕ್ಕೆ ವಾಲಿದ್ದಕ್ಕೆ ಹಾಲ್ ತುಂಬ ನಗು.

ಗಾಜಿನ ಗೋಡೆಯ ಈಚೆ ತನ್ನ ತಪಾಸಣೆ ಟೇಬಲ್ಲಿನಲ್ಲೇ ಕೂತ ಭೂತಗನ್ನಡಿಗೆ ನಗು ಬರಲಿಲ್ಲ. ಒಪ್ಪಿಗೆ ಇರಲಿಲ್ಲವೇ? ಬೆಟ್ಟದಷ್ಟಿತ್ತು. ಆದರೆ ಕಾಲು ಏಳುತ್ತಿರಲಿಲ್ಲ. ಅಪ್ಪ ಏನೆನ್ನುತ್ತಾರೋ, ಅವನ ತಾಯಿ ತನ್ನನ್ನು ಹೇಗೆ ನೋಡುತ್ತಾರೋ! ಪಾಸಾದ ಲೆನ್ಸನ್ನೇ ನಾಲ್ಕನೇ ಸಲ ದೀಪಕ್ಕೆ ಹಿಡಿದಳು. ಅದರಲ್ಲಿ ಒಂದು ಗೀರೂ ಇರಲಿಲ್ಲ.

ಫೋರ್‌ಮನ್ ರೊಟ್ಟಿಯ ಬುಟ್ಟಿ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಿದ್ದ. ತಲೆಯೆತ್ತಿದಾಗಲೆಲ್ಲ ಅವಳ ಟೇಬಲ್ ಕಡೆ ಕದ್ದು ಒಂದು ನೋಟ. ಆಮೇಲೆ ಅದೂ ನಿಂತಿತು.

ಪಂಕ್ತಿ ಎದ್ದಿತು. ಜನ ತಟ್ಟೆ ತೊಳೆಯಲು ಹಿಂದಕ್ಕೆ ಹೊರಟರು.

ಆಗ ಅವಳು ಹಾಲ್‌ಗೆ ಓಡಿದಳು. "ಮುಗೀತಾ?"

"ಮುಗೀತು," ಎಂದ ಅವನು, ಮುಖ ನೋಡದೆ. "ಇನ್ನು ಬಡಿಸಿದವ್ರ ಊಟ ಅಷ್ಟೇ."

ತಾಯಿ, ಮಗ ಇಬ್ಬರೇ ಖಾಲಿ ಚಾಪೆಯ ಮೇಲೆ ಕೂತರು. ಅವರಿಗೆ ಬಡಿಸುವವರು ಯಾರೂ ಇರಲಿಲ್ಲ. ಭೂತಗನ್ನಡಿ ಚಪ್ಪಲಿ ಬಿಟ್ಟು, ನೀಲಿ ಟೋಪಿ ಎಳೆದುಕೊಂಡು, ಬುಟ್ಟಿ ಎತ್ತಿಕೊಂಡಳು.

ತಾಯಿ ಪದ್ಧತಿಯಂತೆ ಎರಡೂ ಕೈ ಚಾಚಿ ರೊಟ್ಟಿ ತೆಗೆದುಕೊಂಡರು. "ಊಟಕ್ಕೆ ನೀನು ಕಾಣ್ಲೇ ಇಲ್ವಲ್ಲಮ್ಮ. ಯಾರು ನೀನು?"

"ಪಂಕ್ತೀಲಿ ಕೂರಬೇಕಾಗಿದ್ದವಳು, ಅಮ್ಮ. ಹೆದ್ರಿಕೊಂಡು ತಡ ಮಾಡ್ಬಿಟ್ಟೆ."

ಮಗನ ಕಿವಿ ಕೆಂಪೇರಿತು. ತಾಯಿ ಅವನನ್ನು ನೋಡಿದರು, ಅವಳನ್ನು ನೋಡಿದರು.

"ಅವನಿಗೂ ಹಾಕಮ್ಮ," ಎಂದರು ಕೊನೆಗೆ. "ಬೆಳಿಗ್ಗೆಯಿಂದ ಆ ಗಾಜಿನ ಗೋಡೆ ನೋಡ್ತಾ ನೋಡ್ತಾ ನೀರೂ ಕುಡ್ದಿಲ್ಲ."

ಅವನು ಮೆಲ್ಲಗೆ ಒಂದು ಕೈ ಒಡ್ಡಿದ.

"ಎರಡೂ ಕೈ," ಎಂದಳು.

ಎರಡೂ ಕೈ ಚಾಚಿದ. ಬಿಸಿ ಆರದ ರೊಟ್ಟಿಯನ್ನು ಅವಳು ಆ ಅಂಗೈಗಳಲ್ಲಿಟ್ಟಳು. ಈ ಸಲ ಅವನು ಕದ್ದು ನೋಡಲಿಲ್ಲ, ನೇರವಾಗಿ ನೋಡಿದ.

ತಾಯಿ ಸರಿದು ಚಾಪೆಯಲ್ಲಿ ಜಾಗ ಮಾಡಿದರು.

"ಕೂತ್ಕೋ ಬಾ. ಇದೂ ಪಂಕ್ತೀನೇ."